ಕಪ್ಪು ಪಟ್ಟಿಗೆ ತಟ್ಟಿದ ಚಳಿ

"ಈ ಅಂಕಿಗಳನ್ನೆಲ್ಲ ಮನೇಲಿ ಕೂತು ಬರ್ಕೊಂಡು ಬಂದ್ಯಾ?"

ಸಭೆಯಲ್ಲಿ ಎಲ್ಲರೆದುರೇ ಹಿನೆಸ್ ಕೇಳಿಬಿಟ್ಟ. ಅವನು ಆ ಪ್ರಯೋಗಾಲಯಕ್ಕೆ ಬಂದು ಇನ್ನೂ ಎರಡೇ ತಿಂಗಳು!

ಫುಯೆನ್‌ಸಾಂತಾಳ ಮುಖ ಕೆಂಪೇರಿತು.

ಕಾರ್ತಹೇನಾ ಬಂದರಿನೆದುರಿನ ಆ ಕೋಣೆಯಲ್ಲಿ ಅವಳದು ನಾಲ್ಕು ವರ್ಷದ ದುಡಿಮೆ. ಉಪ್ಪುನೀರಿನಲ್ಲಿ ಅದ್ದಿದ ಕಪ್ಪು ಪಾಲಿಮರ್ ಪಟ್ಟಿ. ಕರೆಂಟು ಕೊಟ್ಟರೆ ಸ್ನಾಯುವಿನಂತೆ ಬಾಗುತ್ತಿತ್ತು. ಬಾಗುತ್ತಲೇ ಸುತ್ತಲಿನ ಬಿಸಿ, ತಂಪು, ಭಾರವನ್ನು ಅದೇ ತಂತಿಯಲ್ಲಿ ತಿಳಿಸುತ್ತಿತ್ತು. ಆದರೆ ಈಚೆಗೆ ದಿನಾ ಬೆಳಿಗ್ಗೆ ವೋಲ್ಟೇಜ್ ಸುಮ್ಮಸುಮ್ಮನೆ ಜಿಗಿಯುತ್ತಿತ್ತು.

"ನಂಬೋ ಹಾಗಿಲ್ಲ ಅಂತ ಪ್ರೊಫೆಸರ್‌ಗೆ ಬರೆದುಕೊಟ್ಟಿದೀನಿ," ಎಂದ ಹಿನೆಸ್.

ಅವಳ ಪಿಎಚ್.ಡಿ. ಪ್ರಬಂಧ ಅಲ್ಲಿಗೇ ನಿಂತಿತು!

ಮರುದಿನ ಅವನು ಕಾಫಿ ತಂದಿಟ್ಟ. ಅವಳು ಅವನ ಕಣ್ಣೆದುರೇ ಅದನ್ನು ಸಿಂಕಿಗೆ ಸುರಿದಳು.

"ನಿನ್ನ ಮುಖ ನೋಡಿದ್ರೇ ಮೈ ಉರಿಯುತ್ತೆ ಕಣೋ!"

"ಉರೀಲಿ. ಸುಳ್ಳನ್ನ ನಿಜ ಅನ್ನೋಕೆ ನಂಗೆ ಬರಲ್ಲ."

ವೋಲ್ಟೇಜಿನ ಹಳೆಯ ಗ್ರಾಫ್‌ಗಳನ್ನು ಹರಡಿಕೊಂಡು ಕೂತವಳಿಗೆ ಒಂದು ಸಂಗತಿ ಹೊಳೆಯಿತು. ಜಿಗಿತ ಸರಿಯಾಗಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ... ಭಾನುವಾರ ಮಾತ್ರ ಇಲ್ಲ! ಅಂದರೆ, ಇದು ಯಾರದೋ ಕೈವಾಡ.

ಮರುದಿನ ಎಂಟಕ್ಕೇ ಬಂದು ಕಪಾಟಿನ ಹಿಂದೆ ಕೂತಳು. ಹಿನೆಸ್ ಬಂದ. ಚೀಲ ಇಟ್ಟವನೇ ಕಿಟಕಿಯನ್ನು ಅಗಲವಾಗಿ ತೆರೆದ. ಜನವರಿಯ ಕಡಲಗಾಳಿ ಒಳನುಗ್ಗಿತು. ಕಂಪ್ಯೂಟರ್ ಪರದೆಯ ಮೇಲೆ ವೋಲ್ಟೇಜಿನ ಗೆರೆ ಏರತೊಡಗಿತು.

"ಸಿಕ್ಕಿಬಿದ್ದೆ! ಪಟ್ಟಿಗೆ ಚಳಿ ತಟ್ಟಿಸಿ ನನ್ನ ಕೆಲಸ ಹಾಳ್ಮಾಡ್ತಿದ್ಯಾ?"

ಅವನು ಪರದೆಯನ್ನೇ ನೋಡಿದ. ಮುಖ ಬಿಳಿಚಿತು.

"ಅಯ್ಯೋ... ಅದು ನಾನಾ? ದೇವರಾಣೆ ಗೊತ್ತಿರಲಿಲ್ಲ."

"ಮತ್ಯಾಕೆ ತೆಗೀತೀಯ ಈ ಚಳೀಲಿ?"

ಅವನು ಕಿಟಕಿಯ ಗಾಜನ್ನು ಬೆರಳಿಂದ ಉಜ್ಜಿದ.

"ಈ ಹೊತ್ತಿಗೆ ನೀನು ಬಂದರಿನ ದಾರೀಲಿ ಬರ್ತೀಯ... ಗಾಜಿಗೆ ಉಪ್ಪು ಹಿಡಿದಿದೆ, ಮುಚ್ಚಿದ್ರೆ ನೀನು ಕಾಣ್ಸಲ್ಲ."

ಅವಳು ಕಿಟಕಿಯಾಚೆಯ ಬಂದರಿನ ದಾರಿಯನ್ನು ನೋಡಿದಳು. 'ಇವನಿಗಾ? ನನ್ನ ಮೇಲಾ?'

ಅಂದೇ ಸಭೆಯಲ್ಲಿ ಹಿನೆಸ್ ಎದ್ದುನಿಂತ. "ಅವಳ ಅಂಕಿಗಳು ನಿಜ. ಆ ಪಟ್ಟಿ ಕಿಟಕಿಯ ಚಳಿಯನ್ನೂ ಗುರುತಿಸಿದೆ. ತಪ್ಪು ನಂದು." ಪ್ರೊಫೆಸರ್ ನಕ್ಕು, ಅದನ್ನೇ ಪ್ರಬಂಧದ ಒಂದು ಅಧ್ಯಾಯ ಮಾಡು ಎಂದು ಅವಳಿಗೆ ಹೇಳಿದರು.

ಮೆಟ್ಟಿಲಲ್ಲಿ ಅವಳು ಅವನನ್ನು ಅಡ್ಡಗಟ್ಟಿದಳು.

"ಕ್ಷಮಿಸಿಬಿಟ್ಟೆ ಅಂದ್ಕೋಬೇಡ. ಎಷ್ಟು ಅಳಿಸಿದೀಯ ಗೊತ್ತಾ?"

"ಗೊತ್ತು... ಪ್ರೀತಿಸ್ತೀನಿ ಅನ್ನೋ ಒಂದೇ ಕಾರಣಕ್ಕೆ, ತಪ್ಪು ಕಂಡ್ರೂ ಸುಮ್ಮನಿರೋಕೆ ಆಗ್ಲಿಲ್ಲ."

"ಪ್ರೀತಿ ಅಂತ ಹೇಳೋಕೆ ಬಾಯಿರಲಿಲ್ವಾ?"

"ಇತ್ತು. ಬರೀ ಜಗಳಕ್ಕೆ ಖರ್ಚಾಯ್ತು."

ತಡೆದರೂ ಅವಳಿಗೆ ನಗು ಬಂದೇಬಿಟ್ಟಿತು.

"ನಾಳೆ ಕಿಟಕಿ ತೆಗೀಬೇಡ, ಕೆಳಗಿಳಿದು ಬಾ, ಮಂಕೇ. ಜೊತೇಲೇ ನಡೆಯೋಣ."