ಆಷಾಢದಲ್ಲಿ ಒಂದು ಹೂಂ

"ಕೆಳಗ ಇಳೀರಿ! ಅದು ನಮ್ಮ ಮಾಳಗಿ, ನಿಮ್ಮಪ್ಪನ ಹೊಲ ಅಲ್ಲ!"

ಶಿವಕುಮಾರಿ ಅಂಗಳದಲ್ಲಿ ನಿಂತು ಕೂಗಿದಳು. ಅವಳೂ ಅವ್ವ ಶೇಖರಮ್ಮನೂ ಬೆಳಿಗ್ಗೆಯಿಂದ ಮಣ್ಣಿನ ಮಾಳಿಗೆಯ ಮೇಲೆ ಹೊತ್ತು ಹಾಕಿದ್ದ ಸವಳು ಮಣ್ಣನ್ನು ಸಿದ್ದಲಿಂಗೇಶ ಸಲಿಕೆಯಿಂದ ಎಳೆದೆಳೆದು ಓಣಿಗೆ ಚೆಲ್ಲುತ್ತಿದ್ದ.

ಜೋರು ಮಳೆಯ ಮುನ್ಸೂಚನೆ ಇತ್ತು. ಮಸ್ಕಿಯ ಹಳ್ಳದ ದಂಡೆಯ ಈ ಓಣಿಗೆ ಮೈಕಿನ ಆಟೋ ಬಂದು, "ಎಚ್ಚರದಿಂದಿರಿ" ಎಂದು ಕೂಗಿ, ಫೋಟೋ ತೆಗೆಸಿಕೊಂಡು ಹೋಗಿತ್ತು. ಎಚ್ಚರದಿಂದಿದ್ದು ಏನು ಮಾಡಬೇಕೋ ಆಟೋದವರಿಗೂ ಗೊತ್ತಿರಲಿಲ್ಲ! ಜನ ತಮಗೆ ಗೊತ್ತಿದ್ದನ್ನೇ ಮಾಡಿದರು. ಮಾಳಿಗೆ ಸೋರದಿರಲೆಂದು ಮೇಲೆ ಸವಳು ಮಣ್ಣು ಹರವಿದರು.

ಅಂಥ ಹೊತ್ತಿನಲ್ಲಿ ಸಿಂಧನೂರಿನಿಂದ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದಿದ್ದ, ಈ ಮಹಾಶಯ!

ಆಷಾಢಕ್ಕೆ ಮುಂಚೆ ಅವಳನ್ನು ನೋಡಲು ಬಂದಿದ್ದ ವರ ಇವನೇ. ಬಣ್ಣ ಚೆನ್ನಾಗಿ ಕಾಣಲೆಂದು ಹಿರಿಯರು ಅವಳನ್ನು ಬೆಳಕಿಂಡಿಯ ಕೆಳಗೆ ಕೂರಿಸಿದ್ದರು, ಸಂತೆಯಲ್ಲಿ ಎಮ್ಮೆ ನಿಲ್ಲಿಸಿದ ಹಾಗೆ. ಇವನೋ... ಒಮ್ಮೆ ನಕ್ಕು, ಆಮೇಲೆ ಮಾಳಿಗೆಯನ್ನೇ ನೋಡುತ್ತ ಕುಳಿತ. ಮತ್ತೆ ಸುದ್ದಿಯೇ ಇಲ್ಲ.

'ಆಷಾಢ, ಸುಮ್ನಿರು' ಎಂದಿದ್ದಳು ಅವ್ವ. ಮನಸ್ಸಿದ್ದವರಿಗೆ ಆಷಾಢ ಅಡ್ಡ ಬರುತ್ತದೆಯೇ? ಆರ್‌ಸಿಸಿ ಮನೆಯವನಿಗೆ ಮಣ್ಣಿನ ಮನೆಯ ಹೆಣ್ಣು ಬೇಡವಾಗಿತ್ತು, ಅಷ್ಟೇ! ಆ ಒಂದು ನಗು ತನಗೆ ಹಿಡಿಸಿತ್ತಲ್ಲ ಎಂದು ಶಿವಕುಮಾರಿಗೆ ತನ್ನ ಮೇಲೆಯೇ ಅಸಹ್ಯವಾಗಿತ್ತು.

ಅವನು ಏಣಿ ಇಳಿದು ಬಂದ.

"ಅವತ್ತ ಮೂಗು ಮುರದು ಹ್ವಾದ್ರಿ. ಇವತ್ತ ಮನಿ ಕೆಡವಾಕ ಬಂದೀರೇನು?"

"ಮೂಗು ಮುರದಿಲ್ರಿ... ಅಂಬಪ್ಪ ಕಾಕಾ ಹೇಳ್ಲಿಲ್ಲೇನು? ನಾ ಹೂಂ ಅಂತ ಹೇಳಿ ಕಳಿಸಿದ್ನಿ. ನಿಮ್ಮ ತೊಲಿ ಸೀಳ್ಯಾದ, ಮಳಿಗೆ ಮೊದ್ಲ ಬದಲಿ ಮಾಡಿಸ್ರಿ ಅಂತನೂ ಹೇಳಿದ್ನಿ! ಮಳಿ ಸುದ್ದಿ ಕೇಳಿ ಓಡಿ ಬಂದ್ರ, ಅದ ತೊಲಿ ಮ್ಯಾಲ ಮಣ್ಣು ಹೇರೀರಿ!"

ಸಂಬಂಧ ತಂದಿದ್ದ ಅಂಬಪ್ಪ ಎದುರು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಆಷಾಢದಾಗ ಹೂಂ ಹೇಳಬಾರದವ್ವ," ಎಂದ ಗಂಭೀರವಾಗಿ. "ಕನ್ಯಾ ಮನ್ಯಾಗ ತೊಲಿ ಸೀಳ್ಯಾದ ಅನ್ನೂದಂತೂ ಭಾಳ ಅಪಶಕುನ. ಶ್ರಾವಣಕ್ಕ ಎರಡೂ ಕೂಡೇ ಹೇಳೋಣಂತ..."

ಶಿವಕುಮಾರಿ ಒಳಗೆ ಓಡಿದಳು. ಸ್ಟೂಲಿನ ಮೇಲೆ ನಿಂತು, ಮಸಿ ಹಿಡಿದ ತೊಲೆಯನ್ನು ಸವರಿದಳು. ಸೀಳಿನೊಳಗೆ ಬೆರಳೇ ಹೋಯಿತು! ಅವತ್ತು ಅವಳು ಕುಳಿತಿದ್ದ ಜಾಗ ಸರಿಯಾಗಿ ಅದರ ಕೆಳಗೇ ಇತ್ತು. ಅದರ ಮೇಲೆಯೇ ತಾನು ಬುಟ್ಟಿಗಟ್ಟಲೆ ಮಣ್ಣು ಹೇರಿದ್ದೆನಲ್ಲ...

"ತೊಯ್ದ ಮಣ್ಣು ಇನ್ನೂ ಭಾರ ಆಗ್ತೈತ್ರಿ," ಎಂದ ಸಿದ್ದಲಿಂಗೇಶ, ಬಾಗಿಲಲ್ಲೇ ನಿಂತು. "ಒಳಗ ಇರಬ್ಯಾಡ್ರಿ."

ಅವಳು ಹೊರಗೆ ಬಂದು ಅಂಬಪ್ಪನ ಮುಂದೆ ನಿಂತಳು.

"ಶ್ರಾವಣಕ್ಕ ನನ್ನ ತಿಥಿ ಊಟ ಉಂಡು ಹೋಗ್ತಿದ್ದಿ ಬಿಡು, ಕಾಕಾ!"

ಮಾಳಿಗೆಗೆ ತಾಡಪತ್ರಿ ಹೊದಿಸಿದರು. ಹಾಸಿಗೆ, ಜೋಳದ ಚೀಲ, ಪಾತ್ರೆಗಳೆಲ್ಲ ಟ್ರ್ಯಾಕ್ಟರ್ ಏರಿದವು. ಸಂಜೆಗೆ ಓಣಿಯ ಜನ ಎತ್ತರದ ಶಾಲೆ ಸೇರಿದರು. ಎಲ್ಲರಿಗಿಂತ ಮೊದಲು ಒಳ್ಳೆಯ ಮೂಲೆ ಹಿಡಿದವನು ಅಂಬಪ್ಪ!

ಶಾಲೆಯ ಜಗುಲಿಯಲ್ಲಿ ಶಿವಕುಮಾರಿ, ಸಿದ್ದಲಿಂಗೇಶ ಇಬ್ಬರೇ ನಿಂತಿದ್ದಾಗ ಮಳೆ ಸುರಿಯತೊಡಗಿತು.

"ನನ್ನ ಮುಖ ನೋಡಾಕ ಬಂದು ತೊಲಿ ನೋಡಿದ್ರಿ," ಎಂದಳು ಅವಳು.

"ಮೊದ್ಲ ನಿಮ್ಮನ್ನ ನೋಡಿದ್ನಿ. ಆಮ್ಯಾಲ ಅದು ಯಾರ ಮ್ಯಾಲ ಬೀಳ್ತೈತಂತ ಹೊಳೀತು... ಕಣ್ಣು ಕೀಳಾಕ ಆಗ್ಲಿಲ್ಲ."

"ಅವತ್ತ ನನಗ 'ಏಳು' ಅನ್ನಾಕ ಏನ್ ಧಾಡಿ ಆಗಿತ್ತು?"

"ಅಪಶಕುನ ನುಡದ ಅಂತ ನೀವ ನನ್ನ ಬ್ಯಾಡ ಅಂದ್ರ?"

"ಹೇಡಿ!"

ಅವನು ತಲೆ ತಗ್ಗಿಸಿದ. ಅವಳ ಕಣ್ಣು ತುಂಬಿ ಬಂತು.

"ಈಗ ಹೇಳ್ರಿ. ನನಗ ಹೇಳ್ರಿ."

"ಇನ್ನೂ ಆಷಾಢ ಐತಲ್ರಿ..."

"ಹೇಳ್ತೀರೋ ಇಲ್ಲೋ?"

"ಹೂಂ."

"ಜೋರಾಗಿ! ಒಳಗ ಅಂಬಪ್ಪ ಕಾಕಾಗ ಕೇಳಂಗ!"

"ಹೂಂ!" ಎಂದು ಕೂಗಿದ ಸಿದ್ದಲಿಂಗೇಶ. ಮಳೆಯ ಸದ್ದನ್ನೂ ಮೀರಿ ಇಡೀ ಶಾಲೆಗೆ ಕೇಳಿಸಿತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ನಂದೂ ಹೂಂ."