ಮೂವತ್ತು ಜೊತೆ ಬೂಟು, ಒಂದೇ ಕುಂಟು

ಬೂಟಿನ ಅಟ್ಟೆ ಬಾಗಿತು, ಮರುಗಳಿಗೆಯೇ ಬಿಗಿಯಾಯಿತು. ನೀಲವ್ವ ಹಿಮದ ಮೇಲೆ ಹಾಯಾಗಿ ಜಾರಿದಳು.

ಹಿಮದಲ್ಲಿ ದೂರ ಓಡುವವರ ಬೂಟು ತುದಿಯಲ್ಲಷ್ಟೇ ಸ್ಕೀ ಪಟ್ಟಿಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ಹಾಗಾಗಿ ಅಟ್ಟೆ ಬೆರಳುಗಳ ಬುಡದಲ್ಲಿ ಬಾಗಬೇಕು, ಪಕ್ಕಕ್ಕೆ ತಿರುಚಿಕೊಳ್ಳಬಾರದು. ಒಂದು ಸಾಧಿಸಿದರೆ ಇನ್ನೊಂದು ಕೈಕೊಡುತ್ತಿತ್ತು. ಡಾ. ವಾರಿಜಾ ರೂಪಿಸಿದ 'ಅರಿವಟ್ಟೆ' ಈ ಜಗಳ ಬಿಡಿಸಿತು. ಅದರೊಳಗಿನ ಸಾವಿರಾರು ಎಳೆಗಳು ಕಾಲಿನ ಭಾರ ಅಳೆದು, ಎಲ್ಲಿ ಮೆತ್ತಗಾಗಬೇಕು, ಎಲ್ಲಿ ಗಟ್ಟಿಯಾಗಬೇಕು ಎಂಬುದನ್ನು ಕಲಿಯುತ್ತಿದ್ದವು. ಕಲಿತದ್ದು ಗೋಕಾಕದ ಕಡೆಯಿಂದ ಗಡಿ ಕಾಯಲು ಹೋಗಿ ಹಿಮದ ಓಟಗಾರ್ತಿಯಾದ ನೀಲವ್ವನ ಕಾಲಿನಿಂದ, ಮೂರು ಚಳಿಗಾಲ.

ಮೊದಲ ದಿನವೇ ನೀಲವ್ವ ಬಾಗಿಲು ಹಾಕಿ ಹೇಳಿದ್ದಳು: "ಅಕ್ಕಾರ, ನನ್ನ ಎಡ ಹಿಮ್ಮಡದ ಎಲುವು ಬಿರುಕು ಬಿಟ್ಟೈತ್ರಿ. ಅರ್ಧ ತಾಸು ಓಡಿದ್ರ ಕುಂಟತೀನಿ. ಗೊತ್ತಾದ್ರ ತಂಡದಿಂದ ತಗದ ಬಿಡತಾರ."

"ಹುಚ್ಚಿ, ನಿನ್ನ ಕಾಲಿನ ಗುಟ್ಟು ನಿನ್ನ ಅಟ್ಟೆಯಲ್ಲೇ ಇರತ್ತೆ. ನನ್ನಾಣೆ," ಎಂದಿದ್ದರು ವಾರಿಜಾ.

ಆಣೆಯಂತೆ ಆಣೆ! ದೊಡ್ಡ ಪಂದ್ಯದ ದಿನ ನೋಡಿದರೆ ಓಟದ ಗೆರೆಯ ಬಳಿ ಕಾಲು ಚಾಚಿ ಕೂತು ಬೂಟು ಕಟ್ಟುತ್ತಿದ್ದ ಮೂವತ್ತೂ ಜನರ ಬೂಟಿಗೆ ಅದೇ ನೀಲಿ ಅಟ್ಟೆ, ಅದರ ಮೇಲೆ 'ವಾರಿಜಾ' ಎಂಬ ಅಚ್ಚು. ನೀಲವ್ವ ನೇರ ವಾರಿಜಾರ ಬಳಿ ಹೋದಳು.

"ಏನ್ರೀ ಅಕ್ಕಾರ ಇದು? ನನ್ನ ನಡಿಗಿ ಎಲ್ಲಾರಿಗೂ ಹಂಚಿದ್ರ್ಯಾ?"

"ಹೊಸದಾಗಿ ಕಲಿಸೋಕೆ ಟೈಮ್ ಎಲ್ಲಿತ್ತು ನೀಲಾ? ಕಾರ್ಖಾನೆಯವರು ಕಾಯಲಿಲ್ಲ," ಎಂದ ವಾರಿಜಾ ಮುಖ ಕೊಟ್ಟು ಮಾತಾಡಲಿಲ್ಲ.

ಓಟ ಶುರುವಾಗಿ ಅರ್ಧ ಗಂಟೆಗೆ ಮುಂದಿದ್ದವಳ ಎಡಗಾಲು ವಾಲಿತು. ಅವಳ ಹಿಂದಿನವಳದೂ ವಾಲಿತು. ನೀಲವ್ವನ ನೋವು ತಗ್ಗಿಸಲು ಆ ಹೊತ್ತಿಗೆ ಎಡ ಹಿಮ್ಮಡಿಯಡಿ ಮೆತ್ತಗಾಗುವುದನ್ನು ಅಟ್ಟೆ ಕಲಿತಿತ್ತು. ಇದು ಯಾರ ಕಾಲು ಎಂದು ಕೇಳುವಷ್ಟು ಬುದ್ಧಿ ಅದಕ್ಕಿರಲಿಲ್ಲ. ಗಟ್ಟಿಮುಟ್ಟಾದ ಹೆಂಗಸರೆಲ್ಲ ಬಯಲ ತುಂಬ ನೀಲವ್ವನಂತೆಯೇ ಕುಂಟಿದರು, ಮುಗ್ಗರಿಸಿದರು. ಆ ಕುಂಟಿಗೆ ಪಳಗಿದವಳು ನೀಲವ್ವ ಒಬ್ಬಳೇ. ಅವಳೇ ಮೊದಲು ಬಂದಳು.

ಡೇರೆಯಲ್ಲಿ ತಂಡದ ವೈದ್ಯರು ಓಟವನ್ನು ಮತ್ತೆ ತೋರಿಸುತ್ತಿದ್ದ ಪರದೆಯಿಂದ ಕಣ್ಣು ಕೀಳಲಿಲ್ಲ. "ಅಲ್ರೀ, ಮೂವತ್ತು ಜನಕ್ಕೂ ಒಂದೇ ಕುಂಟು! ನಿಮ್ಮ ಅಟ್ಟೆ ಕೆಟ್ಟಿದೆಯಾ ವಾರಿಜಾ?"

ನೀಲವ್ವ ವಾರಿಜಾರನ್ನೇ ನೋಡಿದಳು. ಗುಟ್ಟು ಉಳಿಯಲು ಹೌದು ಎಂಬ ಒಂದು ಮಾತು ಸಾಕಿತ್ತು.

"ಅಟ್ಟೆಯಲ್ಲಿ ದೋಷ ಇಲ್ಲ ಸರ್," ಎಂದರು ವಾರಿಜಾ. "ಕಲಿಸಿದ ಕಾಲಲ್ಲಿತ್ತು."

ಅಕ್ಕಾ ಎಂದು ಕರೆದ ನೀಲವ್ವನ ಬಾಯಿಗೆ ನಾಚಿಕೆಯಾಯಿತು. ಬೂಟು ಬಿಚ್ಚಿ, ಅಚ್ಚು ಕಾಣುವ ಹಾಗೆ ಬೋರಲು ವೈದ್ಯರ ಮೇಜಿನ ಮೇಲಿಟ್ಟಳು.

"ಕುಂಟು ನಂದ ಐತ್ರಿ ಸಾಹೇಬ್ರ. ಅಟ್ಟಿ ಮ್ಯಾಲ ಇವರ ಹೆಸರೈತಿ, ಇವರಿಗೇ ಇರ್ಲಿ."

ಕಾಲುಚೀಲದಲ್ಲೇ ಹಿಮಕ್ಕಿಳಿದು ಹೊರಟಳು. ಮೂರು ವರ್ಷಗಳಲ್ಲಿ ಮೊದಲ ಸಲ, ಎಲ್ಲರೂ ನೋಡುತ್ತಿರುವಾಗ, ಮುಚ್ಚಿಡದೆ ಕುಂಟುತ್ತಾ ನಡೆದಳು.