ಬಂಡೆಯ ಬಳಿ ಉಳಿದ ಹರಿಗೋಲು

ನಾಲ್ಕು ಹರಿಗೋಲುಗಳು ಮರಳಿನ ಮೇಲೆ ಬೋರಲು ಬಿದ್ದಿದ್ದವು. ನಾಲ್ಕರ ಹೊಟ್ಟೆಯನ್ನೂ ಯಾರೋ ಸೀಳಿ ಹಾಕಿದ್ದರು.

ಮಂಜು ಇನ್ನೂ ಹೊಳೆ ಬಿಟ್ಟು ಎದ್ದಿರಲಿಲ್ಲ. ಆಚೆ ದಡ ಇದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಪಿಎಸ್‌ಐ ಉಚ್ಚಂಗೆಮ್ಮ ಜೀಪಿನಿಂದಿಳಿದು ಒಂದು ಗಳಿಗೆ ಹಾಗೇ ನಿಂತಳು. ಜಗಳೂರು ಸೀಮೆಯವಳು. ಬೋರ್‌ವೆಲ್ ಕೆಮ್ಮುವ ಸದ್ದು ಕೇಳುತ್ತ ಬೆಳೆದವಳು. ಹೊನ್ನಾಳಿ ದಾಟಿ ಈ ಹಾಲುಗಟ್ಟೆ ಠಾಣೆಗೆ ಬಂದು ವರ್ಷವಾಗುತ್ತ ಬಂದಿತ್ತು. ಆದರೂ ಇಷ್ಟೊಂದು ನೀರು ಯಾರ ಅಪ್ಪಣೆಯೂ ಇಲ್ಲದೆ ತನ್ನ ಪಾಡಿಗೆ ಹರಿಯುವುದನ್ನು ಕಂಡರೆ ಅವಳಿಗೆ ಕನಸಿನೊಳಗೆ ಕಾಲಿಟ್ಟಂತಾಗುತ್ತಿತ್ತು. ಮಗನಿಗೆ ಜ್ವರ, ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಇವತ್ತು ಆ ಕನಸು ಇನ್ನಷ್ಟು ದಟ್ಟವಾಗಿತ್ತು.

"ಬೆಳಿಗ್ಗೆ ಮಕ್ಕಳು ಬಂದು ನೋಡಿದ್ದು ಮೇಡಂ. ನಮ್ಮ ರಕ್ಷಾನೇ ಓಡಿ ಬಂದು ಹೇಳಿದ್ಲು."

ಹೇಳಿದವನು ರವಿಕುಮಾರ್. ಹಾಲುಗಟ್ಟೆ ಈಜು ಬಳಗದ ಅಧ್ಯಕ್ಷ. ಸೊಸೈಟಿ ಬ್ಯಾಂಕಿನ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಬೂಟು. ಅವನ ಹಿಂದೆ ಹನ್ನೆರಡು ವರ್ಷದ ಮಗಳು ರಕ್ಷಾ, ಟವೆಲ್ ಹೊದ್ದು ಹಲ್ಲು ಕಟಕಟ ಅನಿಸುತ್ತಿದ್ದಳು. ಮಕ್ಕಳಿಗೆ ಈಜು ಕಲಿಸುವ ಮಾಲಾ ಒಂದು ಹರಿಗೋಲಿನ ಸೀಳಿಗೆ ಅಂಗೈ ಒತ್ತಿ ಕೂತಿದ್ದಳು, ರಕ್ತ ನಿಲ್ಲಿಸುವವಳ ಹಾಗೆ.

"ಯಾರ ಮೇಲಾದ್ರೂ ಅನುಮಾನ?"

"ನಾನೇನು ಹೇಳ್ಲಿ ಮೇಡಂ. ಇವತ್ತು ನೋಡೋ ದಿನ ಬೇರೆ. ಇನ್ನು ನೋಡೋದೇನೈತೆ ಇಲ್ಲಿ? ಹೋದ ವರ್ಷ ಗರಡಿಗೆ ಕೊಟ್ಟಂಗೆ ನಮಗೂ ಕೊಡ್ರಿ ಅಂತ ಸಮಿತಿಯೋರನ್ನ ಕೇಳ್ಕೊಳ್ಳೋದು, ಅಷ್ಟೆ."

ಉಚ್ಚಂಗೆಮ್ಮ ತಲೆಯಾಡಿಸಿದಳು. ನೋಡೋ ದಿನದ ವಿಷಯ ಅವಳಿಗೂ ಗೊತ್ತಿತ್ತು.

ಪ್ರತಿ ವರ್ಷ ಬಜೆಟ್ಟಿಗೆ ಮುಂಚೆ ಹಾಲುಗಟ್ಟೆ ಪಟ್ಟಣ ಪಂಚಾಯಿತಿಗೆ ಊರಿನ ಸಂಘಗಳೆಲ್ಲ ಅರ್ಜಿ ಹಾಕುತ್ತವೆ. ಗರಡಿ, ಹೊಲಿಗೆ ಶಾಲೆ, ಅಂಗವಿಕಲರ ಸಂಘ, ಮಕ್ಕಳ ಆಟ. ಕೊಡುವ ಕೈ ಒಂದು, ಚಾಚುವ ಕೈ ಹತ್ತು. ಹಿಂದೆ ಬೋರ್ಡು ಮಾತ್ರ ಇದ್ದ ಸಂಘಗಳು ಅನುದಾನ ನುಂಗಿ ನೀರು ಕುಡಿದಿದ್ದವು. ಆಮೇಲೆ ಬಂದದ್ದು ಈ ರೂಢಿ. ಸದಸ್ಯರ ಸಮಿತಿ ಒಂದು ದಿನ ಊರು ಸುತ್ತುತ್ತದೆ. ಭಾಷಣ ನಡೆಯುವುದಿಲ್ಲ. ಸಂಘದ ಮುಖ್ಯಸ್ಥರು ತಾವು ಕಲಿಸುವುದನ್ನು ತಾವೇ ಮಾಡಿ ತೋರಿಸಬೇಕು. ಗರಡಿಯ ಉಸ್ತಾದ ಗುಂಡುಕಲ್ಲು ಎತ್ತಬೇಕು. ಹೊಲಿಗೆ ಟೀಚರಮ್ಮ ಎಲ್ಲರೆದುರು ರವಿಕೆ ಕತ್ತರಿಸಬೇಕು. ತೋರಿಸದವರ ಹೆಸರು ಆ ವರ್ಷ ಪಟ್ಟಿಯಿಂದ ಬಿದ್ದುಹೋಗುತ್ತದೆ. ಸಮಿತಿ ಒಪ್ಪಿದ ಹೆಸರುಗಳಷ್ಟೇ ಸಾಮಾನ್ಯ ಸಭೆಗೆ ಹೋಗುತ್ತವೆ.

ಒಂದೇ ಒಂದು ಸಲ ಈ ರೂಢಿ ಸಡಿಲಾಗಿತ್ತು. ಹೋದ ವರ್ಷ ಗಾಳಿಗೆ ಗರಡಿಯ ಚಾವಣಿ ಹಾರಿಹೋದಾಗ, "ಕಷ್ಟದಾಗಿರೋರನ್ನ ಕುಣಿಸಬಾರ್ದು" ಎಂದು ಸಮಿತಿ ನೋಡದೆಯೇ ಒಪ್ಪಿಬಿಟ್ಟಿತ್ತು.

"ಈ ಸಲ ದುಡ್ಡು ಬರದಿದ್ರೆ?" ಎಂದು ಉಚ್ಚಂಗೆಮ್ಮ ಮಾಲಾಳನ್ನು ಕೇಳಿದಳು.

"ಬಳಗ ಮುಚ್ಚಿದಂಗೇ ಮೇಡಂ. ಅರ್ಜಿ ಹಾಕಿದ್ದೇ ಈ ಸಲ ಮೊದಲು. ಎರಡು ವರ್ಷದಿಂದ ಬಿಟ್ಟಿ ಮಾಡೀನಿ. ಮನೆಯಾಗೆ ಇನ್ನು ಕೇಳಲ್ಲ. ದಾವಣಗೆರೆಯಾಗೆ ಜಿಮ್ಮಿನ ಕೆಲಸ ಕಾಯ್ತೈತೆ." ಮಾಲಾ ಸೀಳಿನಿಂದ ಕೈ ತೆಗೆಯಲಿಲ್ಲ. "ಈ ಹೊಳೆ ವರ್ಷಕ್ಕೆ ಒಂದಾದ್ರೂ ಮಗೀನ ತಗಂತಿತ್ತು. ಬಳಗ ಶುರುವಾದ ಮೇಲೆ ತಗಂಡಿಲ್ಲ."

* * *

ಸೀಳುಗಳ ಅಂಚಿನಲ್ಲಿ ಕೆಂಪು ಬೆರಳಚ್ಚುಗಳಿದ್ದವು. ಡಾಂಬರು ಬಳಿದ ಕಪ್ಪಿನ ಮೇಲೆ ಕುಂಕುಮ ಮೆತ್ತಿದಂತೆ. ಉಚ್ಚಂಗೆಮ್ಮ ಮೂಸಿ ನೋಡಿದಳು. ಎಣ್ಣೆ, ಹುಳಿಮಜ್ಜಿಗೆ, ಬೇವು.

ಗರಡಿಯ ಮಟ್ಟಿ. ಕುಸ್ತಿಯವರು ಹದ ಮಾಡಿಡುವ ಆ ಕೆಮ್ಮಣ್ಣು ಊರಿಗೆಲ್ಲ ಇರುವುದು ಒಂದೇ ಕಡೆ.

ಗರಡಿ ಹೊಳೆಗೆ ಹತ್ತಿರವೇ. ಉಸ್ತಾದ ಗುರುಬಸವರಾಜ್ ಲಂಗೋಟಿಯ ಮೇಲೊಂದು ಪಂಚೆ ಸುತ್ತಿಕೊಂಡು ಮಟ್ಟಿ ಅಗೆಯುತ್ತಿದ್ದ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ನಿಧಾನವಾಗಿ ಮೇಲೇಳುತ್ತಿತ್ತು. ಅವಳನ್ನು ಕಂಡು ಅವನು ಸಲಿಕೆ ಕೆಳಗಿಟ್ಟ.

"ಬರ್ತೀರಿ ಅಂತ ಗೊತ್ತಿತ್ತು."

"ಹೆಂಗೆ ಗೊತ್ತಿತ್ತು?"

"ನಸುಕಿಗೆ ಸ್ನಾನಕ್ಕೆ ಹೋದಾಗ ನಾನೇ ಮೊದಲು ನೋಡಿದ್ದು. ಎಷ್ಟು ಆಳ ಕೊಯ್ದಾರೆ, ಹೊಲಿಯಾಕೆ ಬರ್ತೈತೋ ಇಲ್ವೋ ಅಂತ ಮುಟ್ಟಿ ನೋಡ್ದೆ. ಬರ್ತೈತೆ. ಬಿದಿರಿಗೆ ಏಟು ಬಿದ್ದಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇ ಕೊಯ್ದೆ ಅಂತೀರಿ. ಹೇಳ್ಲಿಲ್ಲ, ಈಗ್ಲೂ ಅದನ್ನೇ ಅಂತೀರಿ."

"ಅನ್ನದೆ ಏನು ಮಾಡ್ಲಿ? ಅವರ ಹೆಸರು ಬಿದ್ರೆ ಲಾಭ ನಿಮಗೇ."

ಗುರುಬಸವರಾಜ್ ನಕ್ಕ. ಎದೆಯೆಲ್ಲ ಕೆಂಪಾಗಿದ್ದ ಆ ದೊಡ್ಡ ಆಳು ನಕ್ಕಾಗ ಗೋಡೆಯ ಮೇಲಿನ ಗದೆಗಳೂ ನಕ್ಕಂತೆ ಕಂಡಿತು. "ನಮ್ಮಕ್ಕನ ಮಗಳು ಅಲ್ಲೇ ಈಜು ಕಲೀತಾಳೆ ಮೇಡಂ. ನಾನು ಆ ಹುಡುಗಿ ಎದುರಿಗೆ ಹೋಗ್ಬೇಕು, ನಮ್ಮಕ್ಕಯ್ಯನ ಎದುರಿಗೆ ಹೋಗ್ಬೇಕು. ನಿಮ್ಮ ಲಾಕಪ್ಪೇ ವಾಸಿ."

"ಕದ್ದು ಮರಳು ತುಂಬೋ ಟ್ರ್ಯಾಕ್ಟರಿನೋರು? ಮಕ್ಕಳು ನೋಡ್ತಾರೆ ಅಂತ ಅವರಿಗೆ ಸಿಟ್ಟು ಅಂತಾರಲ್ಲ."

"ಇರಬೋದು. ಆದ್ರೆ ಅವರು ಸೊಂಟದ ಮಟ ನೀರಾಗೆ ನಿಂತೇ ದುಡಿಯೋ ಜನ. ಅವರು ಬಂದಿದ್ರೆ ಆ ಐದನೇದನ್ನ ಯಾಕೆ ಬಿಡ್ತಿದ್ರು?"

"ಯಾವ ಐದನೇದು?"

"ನೀವು ನೋಡಿಲ್ವಾ? ಬಂಡೆ ಹತ್ರ ತೇಲ್ತೈತಲ್ಲ. ಮಂಜಿತ್ತೇನೋ."

* * *

ಅವಳು ವಾಪಸು ಬರುವ ಹೊತ್ತಿಗೆ ಮಂಜು ತೆರೆತೆರೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಬಂಡೆ ಕಂಡಿತು. ಅದರ ಪಕ್ಕ ಒಂದು ಹರಿಗೋಲು, ಗಾಯವಿಲ್ಲದ್ದು, ತನ್ನಷ್ಟಕ್ಕೆ ಮೆಲ್ಲಗೆ ಸುತ್ತು ಹಾಕುತ್ತಿತ್ತು. ನಿದ್ದೆಯಲ್ಲಿ ಮಗ್ಗುಲಾಗುವ ಮಗುವಿನ ಹಾಗೆ.

"ಅದು ಯಾವಾಗ್ಲೂ ಅಲ್ಲೇನಾ?"

"ಹೂಂ ಮೇಡಂ," ಎಂದಳು ಮಾಲಾ. "ದಡದ ಗೂಟದಿಂದ ಬಂಡೆಗೆ ಹಗ್ಗ ಕಟ್ಟೀವಿ. ಹರಿಗೋಲನ್ನೂ ಆ ಹಗ್ಗದ ತುದಿಗೇ ಬಿಗಿದೀವಿ. ಮಕ್ಕಳು ಹಗ್ಗ ಹಿಡ್ಕೊಂಡು ಹೋಗ್ತಾರೆ. ಸುಸ್ತಾದೋರು ಆ ಹರಿಗೋಲಾಗೆ ಕೂರ್ತಾರೆ. ಅಲ್ಲಿ ಎದೆಮಟ ನೀರು, ಅಷ್ಟೆ. ಚಿಕ್ಕೋರೂ ಹೋಗ್ತಾರೆ."

ಹಗ್ಗದ ದಡದ ತುದಿ ಗೂಟದಲ್ಲಿರಲಿಲ್ಲ. ಬಿಚ್ಚಿ ಮರಳಿನ ಮೇಲೆ ಬಿದ್ದಿತ್ತು. ಅದರ ಪಕ್ಕ ಎರಡು ಆಳವಾದ ಗುಳಿ. ಉಚ್ಚಂಗೆಮ್ಮ ಕುಕ್ಕರಗಾಲಲ್ಲಿ ಕೂತಳು. ಯಾರೋ ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ, ಹಗ್ಗ ಜಗ್ಗಿದ್ದಾರೆ. ಮತ್ತೆ ಮತ್ತೆ ಜಗ್ಗಿದ್ದಾರೆ. ಬಂಡೆಗೆ ಬಡಿದ ಕಬ್ಬಿಣದ ಬಳೆಗೆ ಕಟ್ಟಿದ ಗಂಟು ಜಪ್ಪಯ್ಯ ಅಂದಿಲ್ಲ.

ಅವಳು ಗುಳಿಗಳನ್ನೇ ನೋಡುತ್ತ ಕೂತಳು. ಸುತ್ತ ಬರಿಗಾಲಿನ ಗುರುತುಗಳು, ಮಕ್ಕಳವು, ದೊಡ್ಡವರವು. ಈ ದಡಕ್ಕೆ ಬರುವವರೆಲ್ಲ ಮೇಲೆ ಬೇವಿನ ಮರದ ಕೆಳಗೇ ಚಪ್ಪಲಿ ಬಿಡುತ್ತಾರೆ. ಈ ಗುಳಿಗಳಿಗೆ ಮಾತ್ರ ಚೌಕನೆಯ ಅಂಚು.

ಹೊಳೆಯ ನೀರು ಅವಳ ಬೂಟಿನ ತುದಿ ಮುಟ್ಟಿತು. ಅವಳಿಗೆ ಗೊತ್ತಿಲ್ಲದೆಯೇ ಕಾಲು ಹಿಂದಕ್ಕೆ ಬಂತು.

ಅಷ್ಟೇ ಸಾಕಾಯಿತು.

* * *

ಸಮಿತಿಯ ಜೀಪು ಬರುವ ಹೊತ್ತಿಗೆ ದಡದಲ್ಲಿ ಜನ ಸೇರಿದ್ದರು. ಬಹುಪಾಲು ಮಕ್ಕಳ ಅಪ್ಪ-ಅಮ್ಮಂದಿರು. ಗುರುಬಸವರಾಜನೂ ಬಂದು ದೂರ ನಿಂತಿದ್ದ. ಸಮಿತಿಯ ಅಧ್ಯಕ್ಷೆ ಕಸ್ತೂರಮ್ಮ ಮೊದಲು ಇಳಿದರು. ಅಡಿಕೆ ಮಂಡಿಯ ಮನೆಯವರು. ಮಾತಿಗೂ ತೂಕ, ಮೈಗೂ ತೂಕ.

"ಏನಪ್ಪ ರವಿಕುಮಾರ್, ಹಿಂಗಾತಂತೆ."

"ಹೌದ್ರಿ ಕಸ್ತೂರಮ್ಮಾರೆ. ಯಾವ ಕೈಯಾಗೆ ತೋರ್ಸಾಕೆ ಆಗ್ತೈತೆ ಹೇಳ್ರಿ. ಗರಡಿಯೋರಿಗೆ ಮಾಡಿದಂಗೆ ನಮ್ಮ ಮ್ಯಾಲೂ ಒಂದು ದಯೆ ಇಡ್ರಿ."

ಸದಸ್ಯರು ಮುಖ ಮುಖ ನೋಡಿಕೊಂಡರು. ಒಬ್ಬರು ಆಗಲೇ ತಲೆದೂಗಿದರು.

ಉಚ್ಚಂಗೆಮ್ಮ ಮುಂದೆ ಬಂದಳು. "ಒಂದು ನಿಮಿಷ ಅಮ್ಮಾರೆ. ಪಂಚನಾಮೆಗೆ ಆ ಐದನೇ ಹರಿಗೋಲು ಬೇಕು. ರವಿಕುಮಾರ್, ಹೋಗಿ ತಗಂಬರ್ರಿ."

"ಮಾಲಾ ಹೋಗ್ತಾಳೆ ಮೇಡಂ."

"ನೀವು ಅಧ್ಯಕ್ಷರು. ಹಾಳಾಗಿದ್ದು ನಿಮ್ಮ ಬಳಗದ್ದು. ನೀವೇ ಹೋಗ್ರಿ."

"ನನಗೆ ಕಿವಿ ಸೋರ್ತೈತೆ. ಡಾಕ್ಟ್ರು ನೀರಿಗಿಳೀಬೇಡ ಅಂದಾರೆ."

"ಎದೆಮಟ ನೀರಂತೆ. ಕಿವಿ ಎದೆಗೈತಾ?"

ಯಾರೋ ಕಿಸಕ್ಕನೆ ನಕ್ಕರು. ಮಾಲಾ ತಲೆಯೆತ್ತಿ ನಿಧಾನವಾಗಿ ಹೇಳಿದಳು: "ಎರಡು ವರ್ಷದಿಂದ ಸೋರ್ತೈತೆ ಅವರ ಕಿವಿ."

ರವಿಕುಮಾರ್ ಬೂಟು ಬಿಚ್ಚಲು ಬಗ್ಗಿದ. ಲೇಸು ಬಿಚ್ಚಿದ. ಮತ್ತೆ ಕಟ್ಟಿದ. ಬಗ್ಗಿದವನು ಮೇಲೇಳಲೇ ಇಲ್ಲ.

"ನಾನು ಹೇಳ್ಲಾ?" ಎಂದಳು ಉಚ್ಚಂಗೆಮ್ಮ. ದನಿ ಏರಿಸಲಿಲ್ಲ. "ನಾಲ್ಕು ಹರಿಗೋಲು ಕೊಯ್ದೋರಿಗೆ ಐದನೇದೂ ಬೇಕಿತ್ತು. ಬೇಡವಾಗಿದ್ರೆ ಹಗ್ಗ ಬಿಚ್ಚಿ ಜಗ್ತಿರಲಿಲ್ಲ. ಜಗ್ಗಿದ್ರೂ ಬರ್ಲಿಲ್ಲ. ನಾಲ್ಕು ಹೆಜ್ಜೆ ನೀರಿಗಿಳಿದಿದ್ರೆ ಕೈಗೆ ಸಿಗ್ತಿತ್ತು. ಇಳೀಲಿಲ್ಲ. ಕುಸ್ತಿಯೋರು ದಿನಾ ಇಲ್ಲೇ ಮುಳುಗೇಳ್ತಾರೆ. ಮರಳಿನೋರು ನೀರಾಗೇ ಬದುಕ್ತಾರೆ. ಈ ಊರಾಗೆ ನೀರಿಗೆ ಹೆದರೋ ಗಂಡಸು ಯಾರು?"

"ನಮ್ಮೂರಾಗೆ ಎಮ್ಮೇನೂ ಈಜ್ತೈತೆ," ಎಂದ ಗುರುಬಸವರಾಜ್ ದೂರದಿಂದ.

"ಹಿಮ್ಮಡಿ ಗುರುತು ಬೂಟಿನದು. ಇಲ್ಲಿ ಬೂಟು ಹಾಕಿ ಮರಳಿಗೆ ಬರೋರು ಇಬ್ಬರೇ. ಒಂದು ನಾನು. ಇನ್ನೊಂದು ಇವರು. ಗುಳಿ ನನ್ನ ಕಾಲಿಗಿಂತ ದೊಡ್ಡದು, ಅಳತೆ ಹಾಕಿ ನೋಡಿದ್ದೀನಿ." ಅವಳು ಸಮಿತಿಯ ಕಡೆ ತಿರುಗಿದಳು. "ತನ್ನ ಬಳಗದ್ದನ್ನ ತಾನೇ ಯಾಕೆ ಕೊಯ್ತಾರೆ ಅಂತೀರಿ. ನೋಡೋ ದಿನ ಅಧ್ಯಕ್ಷರೇ ಈಜಿ ತೋರಿಸ್ಬೇಕು. ಇವರಿಗೆ ಈಜು ಬರಲ್ಲ. ಹರಿಗೋಲು ಹಾಳಾದ್ರೆ ತೋರ್ಸೋದೂ ತಪ್ತು. ಗರಡಿಗೆ ಮರುಗಿದಂಗೆ ನೀವು ಮರುಗಿದ್ರೆ ದುಡ್ಡೂ ಬಂತು. ಬೆಳಿಗ್ಗೆ ಯಾರು ಕೊಯ್ದಿರಬೋದು ಅಂತ ಕೇಳಿದ್ರೆ ಇವರು ಹೇಳಿದ್ದು ಇನ್ನು ನೋಡೋದು ಬೇಡ ಅಂತ. ಕಳ್ಳನ ಮಾತೇ ಬರ್ಲಿಲ್ಲ ಬಾಯಿಗೆ."

ಬಂಡೆಗೆ ಹರಿಗೋಲು ತಾಕುವ ಮೆತ್ತನೆ ಸದ್ದು ಕೇಳಿತು.

ರವಿಕುಮಾರ್ ಕೂತಲ್ಲಿಂದಲೇ ಮಾತಾಡಿದ. "ನಮ್ದು ಬಸವಾಪಟ್ಟಣದ ಕಡೆ. ತೋಟ, ಬೋರ್‌ವೆಲ್, ಅಷ್ಟೆ. ಈಜು ಕಲೀಲೇ ಇಲ್ಲ. ಇಲ್ಲಿಗೆ ಬಂದ ವರ್ಷ ನಮ್ಮ ಬೀದಿ ಮಗು ಒಂದು ಹೊಳೆಪಾಲಾತು. ಬಳಗ ಮಾಡಾಕೆ ಓಡಾಡ್ದೆ. ಹೆಣ್ಣುಮಕ್ಕಳನ್ನ ಹೊಳೆಗೆ ಕಳಿಸ್ರಿ ಅಂದ್ರೆ ಯಾರು ಕಳಿಸ್ತಾರೆ? ನಾನು ದಡದಾಗೇ ಇರ್ತೀನಿ, ಏನಾದ್ರೂ ಆದ್ರೆ ಧುಮುಕ್ತೀನಿ ಅಂದೆ. ಕಳಿಸಿದ್ರು. ಇವತ್ತು ನನಗೆ ಬರಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ಒಬ್ಬರೂ ಕಳಿಸಲ್ಲ. ಅದಕ್ಕೇ..."

"ಧುಮುಕ್ತೀನಿ ಅಂದಿದ್ಯಲ್ಲೋ," ಎಂದಳು ಒಬ್ಬ ತಾಯಿ. "ಆ ಮಾತು ನಂಬಿ ನಾನು ಮನೆಯಾಗೆ ರೊಟ್ಟಿ ತಟ್ತಿದ್ದೆ."

ಅವನು ಯಾರ ಮುಖವನ್ನೂ ನೋಡಲಿಲ್ಲ. ಮಗಳ ಮುಖವನ್ನಂತೂ ನೋಡಲೇ ಇಲ್ಲ.

* * *

ಕಸ್ತೂರಮ್ಮ ಎಲೆ-ಅಡಿಕೆ ಉಗಿದು ಬಂದರು.

"ಕೇಸು ಏನಮ್ಮ?"

"ಹರಿಗೋಲು ಬಳಗದ್ದು. ದೂರು ಕೊಡ್ಬೇಕಾದೋರು ಈ ತಾಯಂದಿರು. ರವಿಕುಮಾರ್ ಬಾಯಿಮಾತಿಗೆ ಹೇಳ್ಯಾರೆ, ಬರೆದು ಕೊಟ್ಟಿಲ್ಲ. ಕೊಟ್ಟಿದ್ರೆ ಸುಳ್ಳು ದೂರಿನ ಕೇಸೂ ಬೀಳ್ತಿತ್ತು."

ತಾಯಂದಿರು ಗುಂಪಾಗಿ ಸ್ವಲ್ಪ ಹೊತ್ತು ಗುಸುಗುಸು ಮಾಡಿದರು. ರೊಟ್ಟಿ ಮಾತಿನ ತಾಯಿಯೇ ಮುಂದೆ ಬಂದಳು. ನಾಲ್ಕನ್ನೂ ಇವನೇ ತನ್ನ ಖರ್ಚಿನಲ್ಲಿ ಹೊಲಿಸಿ ಡಾಂಬರು ಹಾಕಿಸಬೇಕು. ಹಾಕಿಸದಿದ್ದರೆ ಠಾಣೆಗೆ ತಾವೇ ಬರುತ್ತೇವೆ. ಮತ್ತೆ ಇವನು ಅಧ್ಯಕ್ಷ ಅಲ್ಲ.

"ಹಂಗಾದ್ರೆ ಯಾರು?" ಎಂದರು ಕಸ್ತೂರಮ್ಮ. "ಮುಖ್ಯಸ್ಥರು ಮಾಡಿ ತೋರ್ಸದೆ ನಾನು ಹೆಸರು ಒಪ್ಪಲ್ಲ. ಹೋದ ವರ್ಷ ಮರುಗಿ ಒಪ್ಪಿದ್ದಕ್ಕೇ ಈ ಗತಿ ಬಂತು. ಇನ್ನು ಚಾವಣಿ ಹಾರಲಿ, ಊರೇ ಹಾರಲಿ, ನೋಡೇ ಒಪ್ಪೋದು."

ಎಲ್ಲರೂ ಮಾಲಾಳ ಕಡೆ ತಿರುಗಿದರು. ಅವಳು ದುಪಟ್ಟಾ ಬಿಗಿಯಾಗಿ ಸೊಂಟಕ್ಕೆ ಸುತ್ತಿಕೊಂಡಳು. ನೀರಿಗಿಳಿದಳು.

ಹೊಳೆಯ ಮೇಲೆ ಆಗ ಬಿಸಿಲು ಬಿದ್ದಿತ್ತು. ಅವಳ ತೋಳು ಎದ್ದಲ್ಲೆಲ್ಲ ಬೆಳಕು ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಬಂಡೆ ದಾಟಿ, ನಡುಹೊಳೆ ಮುಟ್ಟಿ, ಸೆಳೆತಕ್ಕೆ ಓರೆಯಾಗಿ ತೇಲಿ ಬಂದಳು. ಅಷ್ಟರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಇಳಿದಿದ್ದರು. ಯಾರೂ ಹೇಳಿರಲಿಲ್ಲ. ಹಗ್ಗವಿಲ್ಲದೆ ಬಂಡೆಯವರೆಗೆ ಹೋದರು, ಐದನೇ ಹರಿಗೋಲು ಬಿಚ್ಚಿ, ಅಂಚು ಹಿಡಿದು ಎಲ್ಲರೂ ಸೇರಿ ಅದನ್ನು ದಡಕ್ಕೆ ತಳ್ಳಿಕೊಂಡು ಬಂದರು. ದಡದಲ್ಲಿದ್ದ ತಾಯಂದಿರು ಸೆರಗು ಬಾಯಿಗೊತ್ತಿ ನಿಂತಿದ್ದರು. ಬಹಳಷ್ಟು ಜನ ತಮ್ಮ ಮಕ್ಕಳು ಈಜುವುದನ್ನು ಅವತ್ತೇ ಮೊದಲು ನೋಡಿದ್ದು.

ಕಸ್ತೂರಮ್ಮ ಸದಸ್ಯರ ಕಡೆ ನೋಡಿದರು. ಎಲ್ಲರೂ ತಲೆಯಾಡಿಸಿದರು.

"ಸಭೆಗೆ ಹೋಗ್ಲಿ," ಎಂದರು ಅವರು. "ಮಾಲಾ ಹೆಸರಿನ್ಯಾಗೆ ಬರ್ಕೊಳ್ರಿ. ನೀನು ದಾವಣಗೆರೆ ಬಸ್ಸು ಹತ್ತಬೇಡವ್ವ ತಂಗಿ."

ರಕ್ಷಾ ಎಲ್ಲರಿಗಿಂತ ಕೊನೆಗೆ ನೀರಿನಿಂದ ಬಂದಳು. ಅಪ್ಪ ಇನ್ನೂ ಅಲ್ಲೇ ಕೂತಿದ್ದ. ಅವಳು ಬಂದು ಅವನ ಮುಂದೆ ನಿಂತಳು. ಕೂದಲಿನಿಂದ ನೀರು ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನೀನು ಸುಳ್ಳು ಹೇಳ್ದೆ," ಎಂದಳು.

"ಹೇಳ್ದೆ ಮಗಳೆ."

ಅವಳು ಟವೆಲ್ ಹೊದ್ದುಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಬೇವಿನ ಮರದ ತನಕ ಹೋಗಿ ಅಲ್ಲಿಂದಲೇ ತಿರುಗಿ ನೋಡಿದಳು.

"ಚಿಕ್ಕ ಮಕ್ಕಳ ಬ್ಯಾಚು ಬೆಳಿಗ್ಗೆ ಆರಕ್ಕೆ. ಚಡ್ಡಿ ತಗಂಬಾ. ಮೊದಲ್ನೇ ದಿನ ಬರೀ ಮುಖ ಮುಳುಗ್ಸೋದು, ಅಳಬಾರ್ದು."